ಆರ್ವೆಲ್ ಬಗ್ಗೆ ಜನ ಹೇಳೋದನ್ನ ಹೇಗೆ ಓದೋದು

ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ವಿಷ್ಯದಲ್ಲಿ ಒಂದು ತಮಾಷೆ ಏನಂದ್ರೆ, ಓದಿದವರಿಗಿಂತ ಓದಿದೀನಿ ಅನ್ನೋರೇ ಜಾಸ್ತಿ. ಎಲ್ಲರ ಮೇಲೂ ಕಣ್ಣಿಡೋ ಸರ್ವಾಧಿಕಾರಿ ಬಿಗ್ ಬ್ರದರ್ ಅನ್ನೋ ಮಾತು ಗೊತ್ತಿದ್ರೆ ಸಾಕು, ಚರ್ಚೆಗೆ ಇಳಿದುಬಿಡ್ತಾರೆ. (ನಮ್ಮ ಟೀವಿಯ ಬಿಗ್ ಬಾಸ್ ಕೂಡ ಡಚ್ಚರ ಬಿಗ್ ಬ್ರದರ್ ಷೋದ ಕೂಸು, ಆ ಹೆಸರು ಬಂದಿದ್ದು ಈತನ 1984 ಅನ್ನೋ ಕಾದಂಬರಿಯಿಂದ.) ಆರ್ವೆಲ್ ಪ್ರವಾದಿ ಅಂತ ಒಬ್ರು, ಕೊನೆಗೆ ಸರ್ಕಾರದ ಏಜೆಂಟ್ ಆದ ಅಂತ ಇನ್ನೊಬ್ರು. ಇವರ ಮಧ್ಯೆ ಸಿಕ್ಕಾಕೊಂಡು ತಲೆ ಕೆಡಿಸ್ಕೊಂಡಿದ್ರೆ, ನಾನು ಮಾಡ್ಕೊಂಡ ದಾರಿ ಹೇಳ್ತೀನಿ ನೋಡಿ.

ಮೊದಲು ಅಭಿಪ್ರಾಯಗಳನ್ನೆಲ್ಲ ಪಕ್ಕಕ್ಕಿಟ್ಟು ಪುಸ್ತಕ ಹಿಡೀರಿ, ಆದ್ರೆ ಸೀದಾ 1984ಕ್ಕೆ ಹೋಗ್ಬೇಡಿ. ಬರ್ಮಾದಲ್ಲಿ ಪೊಲೀಸ್ ಆಗಿದ್ದಾಗ ಆನೆಗೆ ಗುಂಡು ಹೊಡೆದ ಪ್ರಸಂಗದ ಮೇಲೆ 1936ರಲ್ಲಿ ಒಂದು ಪ್ರಬಂಧ ಬರೆದಿದಾನೆ, ಒಂದು ಕಾಫಿ ಮುಗಿಯೋದ್ರೊಳಗೆ ಓದಿ ಮುಗಿಸ್ಬಹುದು. ಆಮೇಲೆ ಅನಿಮಲ್ ಫಾರ್ಮ್, ಯಜಮಾನನನ್ನ ಓಡಿಸಿದ ಪ್ರಾಣಿಗಳ ಮೇಲೆ ಹಂದಿಗಳೇ ದರ್ಬಾರು ನಡೆಸೋ ಕಥೆ. ಆಮೇಲೆ 1984. ಇದ್ರ ಮಧ್ಯದಲ್ಲಿ, ಕಥೆಯ ಸರ್ಕಾರ ಶತ್ರು ಅಂತ ಸಾರಿದ ಗೋಲ್ಡ್‌ಸ್ಟೈನ್ ಬರೆದ ಪುಸ್ತಕ ಅಂತ ಒಂದಷ್ಟು ಪುಟ ಬರುತ್ತೆ, ಬಹಳ ಜನ ಅಲ್ಲೇ ಕೈಬಿಡೋದು, ನಾಚಿಕೆ ಪಡ್ಬೇಡಿ, ಕಾದಂಬರಿಯಲ್ಲೇ ನಾಯಕ ವಿನ್‌ಸ್ಟನ್ ಅದನ್ನ ಓದಿ ಹೇಳ್ತಿದ್ರೆ ಅವನ ಪ್ರೇಯಸಿ ಜೂಲಿಯಾ ನಿದ್ದೆ ಹೋಗಿರ್ತಾಳೆ. ಆದ್ರೆ ಕೊನೇಲಿರೋ ನ್ಯೂಸ್ಪೀಕ್ (ಕಥೆಯ ಸರ್ಕಾರ ಕಟ್ಟಿದ ಭಾಷೆ) ಅನುಬಂಧ ಮಾತ್ರ ಬಿಡ್ಬೇಡಿ. ಅದು ಪೂರ್ತಿ ಭೂತಕಾಲದಲ್ಲಿದೆ, ಹಾಗಾದ್ರೆ ಆ ಸರ್ಕಾರ ಯಾವಾಗಲೋ ಬಿದ್ದುಹೋಗಿದೆ ಅಂತ ಕೆನಡಾದ ಕಾದಂಬರಿಕಾರ್ತಿ ಮಾರ್ಗರೆಟ್ ಅಟ್ವುಡ್ ಥರದವರು ವಾದ ಮಾಡ್ತಾರೆ. ಅಮೆರಿಕದ ಒಂದು ದೊಡ್ಡ ಬುಕ್ ಕ್ಲಬ್‌ನವರು ಈ ಎರಡೂ ಭಾಗ ತೆಗೀರಿ ಅಂದಾಗ ಆರ್ವೆಲ್ ಒಪ್ಪಲಿಲ್ಲ, ಕೊನೆಗೆ ಅವ್ರೇ ಇದ್ದ ಹಾಗೇ ತಗೊಂಡ್ರು.

ಪುಸ್ತಕ ಓದಾಯ್ತಾ, ಈಗ ಬೇರೆಯವರ ಮಾತಿಗೆ ಬನ್ನಿ. ಯಾವ ವಿಮರ್ಶೆ ಕೈಗೆ ಸಿಕ್ಕಿದ್ರೂ ಮೊದಲು ಇಸವಿ ನೋಡಿ, ಆಮೇಲೆ ಊರು, ಆಮೇಲೆ ಅವ್ರಿಗೆ ಯಾರ ಮೇಲೆ ಕೋಪ ಅಂತ. 1944ರಲ್ಲಿ ಅನಿಮಲ್ ಫಾರ್ಮ್‌ನ ಒಬ್ರಾದ ಮೇಲೆ ಒಬ್ರು ಪ್ರಕಾಶಕರು ವಾಪಸ್ ಕಳಿಸಿದ್ರು, ಫೇಬರ್ ಪ್ರಕಾಶನದ ಪರವಾಗಿ ಬೇಡ ಅಂದವರು ಕವಿ ಟಿ.ಎಸ್. ಎಲಿಯಟ್. ಆಗ ಹಿಟ್ಲರ್ ವಿರುದ್ಧ ಸ್ಟಾಲಿನ್ ಬ್ರಿಟನ್ ಜೊತೆಗಿದ್ದ, ಅವನನ್ನ ಹಂದಿ ಮಾಡಿ ಬರೆದ್ರೆ ಯಾರು ಛಾಪಿಸ್ತಾರೆ? ಐದು ವರ್ಷ ಬಿಟ್ಟು 1984 ಬಂದಾಗ ಗಾಳಿ ಪೂರ್ತಿ ತಿರುಗಿತ್ತು. ಇದು ಸಮಾಜವಾದದ ಮೇಲಿನ ದಾಳಿ ಅಂತ ಅಮೆರಿಕದಲ್ಲಿ ಕೆಲವರು ಕುಣಿದಾಡಿದ್ರು, ಕಾಯಿಲೆ ಬಿದ್ದಿದ್ದ ಆರ್ವೆಲ್ಲೇ ಹಾಗಲ್ಲ ಮಾರಾಯ್ರೇ ಅಂತ ಹೇಳಿಕೆ ಕೊಡ್ಬೇಕಾಯ್ತು. ಎಡಪಂಥೀಯ ಇತಿಹಾಸಕಾರ ಐಸಾಕ್ ಡಾಯ್ಚರ್ 1954ರಲ್ಲಿ ಬರೆದಿದ್ದು ನನಗೆ ಮರೆಯೋಕೇ ಆಗಲ್ಲ, ನ್ಯೂಯಾರ್ಕಿನ ಪೇಪರ್ ಮಾರೋನೊಬ್ಬ ಇದನ್ನ ಓದಿ ಸಾರ್, ಬೋಲ್ಶೆವಿಕ್‌ಗಳ ಮೇಲೆ ಯಾಕೆ ಆಟಂ ಬಾಂಬ್ ಹಾಕ್ಬೇಕು ಅಂತ ಗೊತ್ತಾಗುತ್ತೆ ಅಂದನಂತೆ. ಅದೇ ಹೊತ್ತಿಗೆ ಕಮ್ಯುನಿಸ್ಟ್ ಪೋಲೆಂಡ್ ಬಿಟ್ಟು ಬಂದ ಕವಿ ಚೆಸ್ವಾವ್ ಮಿವೋಶ್, ರಷ್ಯಾದಲ್ಲಿ ಒಂದು ದಿನಾನೂ ಬಾಳದೆ ಇವನಿಗೆ ಇದೆಲ್ಲ ಹೇಗೆ ಗೊತ್ತಾಯ್ತು ಅಂತ ಅಲ್ಲಿಯ ಓದುಗರು ಬೆರಗಾಗಿದ್ದನ್ನ ಬರೆದ. ಪುಸ್ತಕ ಅದೇ, ಬಾಂಬಿಗೂ ಅದೇ ಬೆರಗಿಗೂ ಅದೇ.

ಸಿನಿಮಾ ನೋಡಿ ಮಾತಾಡೋರನ್ನಂತೂ ಎರಡು ಸಲ ಕೇಳಿ. 1954ರ ಅನಿಮಲ್ ಫಾರ್ಮ್ ಕಾರ್ಟೂನ್‌ಗೆ ದುಡ್ಡು ಹಾಕಿದ್ದು ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ, ಕೊನೇನೇ ಬದಲಾಯಿಸಿದ್ರು, ಅಲ್ಲಿ ಪ್ರಾಣಿಗಳು ಹಂದಿಗಳ ಮೇಲೆ ತಿರುಗಿ ಬೀಳ್ತವೆ. ಪುಸ್ತಕದಲ್ಲಿ ಅಂಥ ಸಮಾಧಾನ ಇಲ್ಲ.

ಅವನ ಜೀವನದ ಕಥೆ ಕೊನೆಗೆ ಓದಿ. ಹುಟ್ಟಿದ್ದು 1903ರಲ್ಲಿ, ಬಿಹಾರದ ಮೋತಿಹಾರಿಲಿ. ನಮ್ಮವನು ಅಂತ ಎದೆ ತಟ್ಕೊಳ್ಳೋ ಮುಂಚೆ ಅಪ್ಪ ಇದ್ದ ಕೆಲಸ ನೋಡಿ, ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆ. ಮಗು ಸಣ್ಣದಿರುವಾಗಲೇ ತಾಯಿ ಇಂಗ್ಲೆಂಡಿಗೆ ಕರ್ಕೊಂಡು ಹೋದಳು. ಇನ್ನು ಗಾಂಧಿ ಬಗ್ಗೆ 1949ರ ಪ್ರಬಂಧ, ಮೊದಲ ಸಾಲಿಗೇ ನಮ್ಮವರು ಸಿಟ್ಟಾಗಿ ಮುಚ್ಚಿಡ್ತಾರೆ, ಕೊನೇ ಸಾಲಿನ ತನಕ ಹೋಗಿ, ಆ ಮೊದಲ ಸಾಲು ಬರೆದವನೇನಾ ಇವನು ಅನ್ಸುತ್ತೆ.

ನಿಜವಾಗ್ಲೂ ಕಷ್ಟ ಆಗೋದು ಎರಡು ವಿಷ್ಯ. ಒಂದು ಹೆಂಡತಿ ಐಲೀನ್. ಸ್ಪೇನಿನ ಅಂತರ್ಯುದ್ಧದಲ್ಲಿ ಆರ್ವೆಲ್ ಹೋರಾಡ್ತಿದ್ದಾಗ ಬಾರ್ಸಿಲೋನಾದಲ್ಲಿ ಆಫೀಸ್ ಕೆಲಸ ಮಾಡ್ತಾ ಅವಳೂ ಅದೇ ಅಪಾಯದಲ್ಲಿದ್ದಳು, ಅವನ ಸ್ಪೇನ್ ಪುಸ್ತಕದಲ್ಲಿ ಮಾತ್ರ ಬರೀ ನನ್ನ ಹೆಂಡತಿ, ಹೆಸರೇ ಇಲ್ಲ. ಆಸ್ಟ್ರೇಲಿಯಾದ ಲೇಖಕಿ ಆನಾ ಫಂಡರ್ 2023ರಲ್ಲಿ ಇದನ್ನೆಲ್ಲ ಎತ್ತಿ ಬರೆದ ಮೇಲೆ ನನ್ನ ಗೆಳತಿಯೊಬ್ಬಳು ಆರ್ವೆಲ್‌ನ ಕಪಾಟಿನಿಂದಲೇ ತೆಗೆದಳು. ನಾನು ತೆಗೀಲಿಲ್ಲ, ಆದ್ರೆ ಸ್ಪೇನ್ ಪುಸ್ತಕ ಮತ್ತೆ ಓದುವಾಗ ಹೆಂಡತಿ ಅಂತ ಬಂದ ಕಡೆಯೆಲ್ಲ ಮಾರ್ಜಿನ್ನಲ್ಲಿ ಪೆನ್ಸಿಲ್‌ನಿಂದ ಐಲೀನ್ ಅಂತ ಬರೀತಾ ಹೋದೆ, ನೀವೂ ಮಾಡಿ ನೋಡಿ.

ಇನ್ನೊಂದು ಆ ಪಟ್ಟಿ. 1949ರಲ್ಲಿ ಟಿಬಿ ಆಸ್ಪತ್ರೆಯ ಹಾಸಿಗೆಯಿಂದಲೇ, ಬ್ರಿಟಿಷ್ ಸರ್ಕಾರದ ಪ್ರಚಾರ ವಿಭಾಗದಲ್ಲಿದ್ದ ಗೆಳತಿಗೆ, ಕಮ್ಯುನಿಸ್ಟರ ಕಡೆ ವಾಲಿದವರು, ಇವರಿಂದ ಬರೆಸ್ಬೇಡಿ ಅಂತ 38 ಹೆಸರು ಕೊಟ್ಟ, ಚಾರ್ಲಿ ಚಾಪ್ಲಿನ್ ಕೂಡ ಇದ್ದ. ಪೂರ್ತಿ ಪಟ್ಟಿ ಹೊರಗೆ ಬಂದಿದ್ದು 2003ರಲ್ಲಿ. ಚಾಡಿ ಅಂತ ಕೆಲವರು, ಕೆಲಸ ಕೊಡ್ಬೇಡಿ ಅಂದ ಅಷ್ಟೇ ಅಂತ ಕೆಲವರು. ಅದ್ರಲ್ಲಿದ್ದ ಪೀಟರ್ ಸ್ಮಾಲೆಟ್ ನಿಜವಾಗ್ಲೂ ಸೋವಿಯತ್ ಏಜೆಂಟ್ ಅಂತ ಆಮೇಲೆ ಗೊತ್ತಾಯ್ತು. ಅದಕ್ಕೆ ಚಾಪ್ಲಿನ್ ಹೆಸರು ಸರಿ ಹೋಗುತ್ತಾ? ನನಗೆ ಹೋಗಲ್ಲ. 1950ರ ಜನವರಿಲಿ 46ನೇ ವಯಸ್ಸಿಗೆ ತೀರ್ಕೊಂಡ, ಆದ್ರಿಂದ ಅವನ ಜವಾಬು ಸಿಗೋ ಛಾನ್ಸೇ ಇಲ್ಲ.

ಕೊನೇದಾಗಿ ಒಂದು ಕೆಲಸ. ಅನಿಮಲ್ ಫಾರ್ಮ್ ಓದುವಾಗ ಇದು ಎದುರು ಪಾರ್ಟಿಯವರ ಬಗ್ಗೇನೇ ಬರೆದಿದ್ದು ಅನ್ಸಿದ ಪುಟಗಳ ನಂಬರ್ ಒಂದು ಚೀಟಿಲಿ ಬರೆದಿಟ್ಕೊಂಡು, ನಿಮ್ಮ ಪಾರ್ಟಿಗೆ ಓಟು ಹಾಕದ ಯಾರಿಗಾದ್ರೂ ಅದೇ ಪ್ರತಿ ಕೊಟ್ಟು ಅವ್ರಿಗೂ ಬರೆದಿಡೋಕೆ ಹೇಳಿ. ನಾನು ನಮ್ಮ ಚಿಕ್ಕಪ್ಪನಿಗೆ ಕೊಟ್ಟಿದ್ದೆ. ಇಬ್ರ ಚೀಟಿಲೂ ಮೊದಲ ನಂಬರ್ ಅದೇ, ಕುರಿಗಳು ಒಟ್ಟಿಗೆ ಕೂಗೋ ಪುಟ. ಆ ಕುರಿಗಳು ಯಾರು ಅಂತ ಊಟದ ಹೊತ್ತಲ್ಲಿ ಜಗಳ ಶುರುವಾಗಿದ್ದು ಮಜ್ಜಿಗೆ ತನಕ ನಡೀತು, ಚಿಕ್ಕಪ್ಪ ಪುಸ್ತಕ ಇನ್ನೂ ವಾಪಸ್ ಕೊಟ್ಟಿಲ್ಲ.