ಕಿಟ್ ಕಾರು ಕಟ್ಟುವ ಮೊದಲೇ ಪರೀಕ್ಷೆಗೆ ತಯಾರಾಗಿ

ನಮ್ಮ ಭಾವ ಹಾಸನದವರು, ಈಗ ಇರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಎರಡು ಚಳಿಗಾಲ ನಾವಿಬ್ಬರೂ ಅವರ ಮನೆಯ ಗ್ಯಾರೇಜಿನಲ್ಲಿ ಕೂತು ಒಂದು ಕಾರು ಕಟ್ಟಿದೆವು. ಕಂಪನಿಯಿಂದ ಚಾಸಿಸ್ ಮತ್ತು ಬಾಡಿ ಬಂತು. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಒಂದು ಹಳೇ ಮಜ್ದಾ ಎಂಎಕ್ಸ್-5ನಿಂದ ಬಿಚ್ಚಿ ತೆಗೆದದ್ದು. ಹೀಗೆ ಬಿಡಿಭಾಗ ಕೊಡುವ ಕಾರಿಗೆ ಅಲ್ಲಿ ಡೋನರ್ ಅನ್ನುತ್ತಾರೆ, ಹೀಗೆ ಕಟ್ಟಿದ ಕಾರಿಗೆ ಕಿಟ್ ಕಾರು. ಕಟ್ಟುವುದೇ ಕಷ್ಟ, ಆಮೇಲಿನದ್ದೆಲ್ಲ ಸುಲಭ ಅಂದುಕೊಂಡಿದ್ದೆವು. ಅದು ತಪ್ಪು ಲೆಕ್ಕ, ರಸ್ತೆಗಿಳಿಸುವ ಮೊದಲು ಕಾರು ಸರ್ಕಾರದ ಪರೀಕ್ಷೆಯಲ್ಲಿ ಪಾಸಾಗಬೇಕು. ಈ ಹವ್ಯಾಸಕ್ಕೆ ಕೈ ಹಾಕುವ ಆಸೆ ನಿಮಗಿದ್ದರೆ, ನಾವು ತಡವಾಗಿ ಕಲಿತದ್ದನ್ನು ನೀವು ಮೊದಲೇ ತಿಳಿದುಕೊಂಡಿರಿ.

ಕಿಟ್ ಕಾರಿಗೂ ಸರ್ಕಾರದ ದುಡ್ಡಿನ ಲೆಕ್ಕಕ್ಕೂ ಹಳೇ ನಂಟು. 1957ರಲ್ಲಿ ಲೋಟಸ್ ಸೆವೆನ್ ಅನ್ನುವ ಕಾರು ಬಂದಾಗ ಅದನ್ನು ಬಿಡಿಭಾಗಗಳಾಗಿ ಕೊಂಡವರಿಗೆ ಖರೀದಿ ತೆರಿಗೆ ಬೀಳುತ್ತಿರಲಿಲ್ಲ. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ಕಾರಿನ ಹಕ್ಕು ಕೇಟರ್‌ಹ್ಯಾಮ್ ಅನ್ನುವ ಕಂಪನಿಯ ಕೈಗೆ ಬಂತು. ತೆರಿಗೆ ಲಾಭ ಹೋದರೂ ಹವ್ಯಾಸ ಹೋಗಲಿಲ್ಲ. 1998ರಲ್ಲಿ ಇಂಥ ಕಾರುಗಳಿಗೆ ಎಸ್‌ವಿಎ ಅನ್ನುವ ಪರೀಕ್ಷೆ ಕಡ್ಡಾಯವಾಯಿತು. 2009ರ ಏಪ್ರಿಲ್ 29ರಿಂದ ಅದರ ಜಾಗಕ್ಕೆ ಐವಿಎ ಬಂತು. ಇದು ಇನ್ನೂ ಬಿಗಿ. ಮನೆಯಲ್ಲಿ ಕಟ್ಟಿದ ಕಾರಿಗೆ ಶುಲ್ಕ 450 ಪೌಂಡ್, ಫೇಲಾದರೆ ಮರುಪರೀಕ್ಷೆಗೆ 90 ಪೌಂಡ್ ಅಂತ ಆಯಿತು. ಎಸ್‌ವಿಎ ಕಾಲದಲ್ಲಿ ಇದರ ಅರ್ಧವೂ ಇರಲಿಲ್ಲ. ಅರ್ಜಿ ಹಾಕುವ ದಿನ ಡಿವಿಎಸ್‌ಎ, ಅಂದರೆ ಪರೀಕ್ಷೆ ನಡೆಸುವ ಇಲಾಖೆಯ ಪಟ್ಟಿಯಲ್ಲಿ ಶುಲ್ಕ ಎಷ್ಟಿದೆ ಎಂದು ಇನ್ನೊಮ್ಮೆ ನೋಡಿಕೊಳ್ಳಿ.

ಶುಲ್ಕ ಏರಿದಾಗ ಕಟ್ಟುವವರಿಗೆ ಬೇಸರವಾಗಿದ್ದು ಸಹಜ. ಆದರೆ ಪರೀಕ್ಷಕರು ಒಂದೇ ಕಾರಿನ ಸುತ್ತ ಗಂಟೆಗಟ್ಟಲೆ ನಿಂತು ಒಂದೊಂದು ಬೋಲ್ಟನ್ನೂ ನೋಡುತ್ತಾರೆ. ಅದನ್ನು ಕಣ್ಣಾರೆ ಕಂಡ ಮೇಲೆ ನನಗೆ ಆ 450 ಜಾಸ್ತಿ ಅನ್ನಿಸಲಿಲ್ಲ. ನೋವಾಗಿದ್ದು ಆಮೇಲೆ ಕೊಟ್ಟ 90ಕ್ಕೆ.

ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ಡೋನರ್ ಕಾರು ಕೊಳ್ಳುವ ಮೊದಲೇ ನಿಮಗೆ ಯಾವ ನಂಬರ್ ಬೇಕು ಅಂತ ಯೋಚಿಸಿ. ಅಲ್ಲಿ ನಂಬರ್ ಪ್ಲೇಟಿನಲ್ಲೇ ಕಾರಿನ ವಯಸ್ಸು ತಿಳಿಯುತ್ತದೆ. ಭಾಗಗಳೆಲ್ಲ ಹೊಸದಾದರೆ ಆ ವರ್ಷದ ಹೊಸ ನಂಬರ್ ಸಿಗುತ್ತದೆ. ಒಂದೇ ಒಂದು ಭಾಗ ರಿಕಂಡಿಷನ್ ಆಗಿದ್ದರೂ ನಡೆಯುತ್ತದೆ, ಆದರೆ ಅದು ಹೊಸದರಷ್ಟೇ ಚೆನ್ನಾಗಿದೆ ಅನ್ನುವುದಕ್ಕೆ ದಾಖಲೆ ಬೇಕು. ಹೊಸ ಚಾಸಿಸ್ ಜೊತೆಗೆ ಒಂದೇ ಡೋನರ್‌ನಿಂದ ಎಂಜಿನ್, ಗೇರ್‌ಬಾಕ್ಸ್‌ನಂಥ ಎರಡು ಮುಖ್ಯ ಭಾಗ ಬಳಸಿದರೆ ಆ ಡೋನರ್‌ನ ವಯಸ್ಸಿನ ನಂಬರ್. ನಾಲ್ಕು ಕಡೆಯಿಂದ ನಾಲ್ಕು ಭಾಗ ತಂದು, ಯಾವುದಕ್ಕೂ ಕಾಗದ ಇಲ್ಲದಿದ್ದರೆ ಕ್ಯೂ ಅಕ್ಷರದ ಪ್ಲೇಟ್. ಕಾರಿನ ವಯಸ್ಸು ಗೊತ್ತಿಲ್ಲ ಅನ್ನುವುದಕ್ಕೆ ಅದು ಗುರುತು. ಮಾರುವಾಗ ಬೆಲೆ ಬೀಳುತ್ತದೆ. ಹಾಗಾಗಿ ಡೋನರ್‌ನ ನೋಂದಣಿ ಪತ್ರ ವಿ5ಸಿ ಕೈಗೆ ಬಂದ ಮೇಲೆಯೇ ದುಡ್ಡು ಕೊಡಿ.

ಒಂದು ಫೈಲ್ ಮಾಡಿ. ಎಲ್ಲ ಬಿಲ್ಲು, ಎಲ್ಲ ರಸೀದಿ ಅದಕ್ಕೇ ಹೋಗಲಿ. ಫೋಟೊ ತೆಗೆಯುತ್ತಾ ಇರಿ, ನಿಮ್ಮ ಮುಖವೂ ಕಾಣುವ ಹಾಗೆ. ಕಾರನ್ನು ಸ್ವಂತಕ್ಕೆ ನೀವೇ ಕಟ್ಟಿದ್ದೀರಿ, ವ್ಯಾಪಾರಕ್ಕಲ್ಲ ಅಂತ ತೋರಿಸಲು ಅದೇ ಸಾಕ್ಷಿ. ನಮ್ಮಕ್ಕ ಸುಮ್ನೆ ತೆಗೆದ ಒಂದು ಫೋಟೊ ಇದೆ. ಭಾವ ಚಾಸಿಸ್ ಕೆಳಗೆ ಮಲಗಿದ್ದಾರೆ, ಪಕ್ಕದಲ್ಲಿ ಕಾಫಿ ಲೋಟ. ಅರ್ಜಿಯ ಜೊತೆ ಹೋದ ಫೋಟೊಗಳಲ್ಲಿ ಅದೂ ಒಂದು.

ಇನ್ನೊಂದು ಮಾತು. ಐವಿಎ ಕೈಪಿಡಿ ಉಚಿತವಾಗಿ ಸಿಗುತ್ತದೆ. ದಪ್ಪ ಪುಸ್ತಕ, ಓದಲು ಬೇಜಾರು. ಆದರೂ ಓದಿ. ಬ್ರೇಕ್ ಪೈಪ್ ಹಾಕುವ ಮೊದಲು ಬ್ರೇಕ್ ಭಾಗ, ಸೀಟ್ ಬೆಲ್ಟ್ ಬಿಗಿಯುವ ಮೊದಲು ಬೆಲ್ಟ್ ಭಾಗ. ಕಟ್ಟಿ ಮುಗಿಸಿ ಆಮೇಲೆ ಓದಿದರೆ ಅರ್ಧ ಕಾರು ಬಿಚ್ಚಬೇಕಾಗುತ್ತದೆ.

ಚೂಪು ಅಂಚು

ಹೆಚ್ಚು ಜನ ಸೋಲುವುದು ಇಲ್ಲೇ ಅಂತ ನನ್ನ ಅನಿಸಿಕೆ. ಕಾರಿನ ಹೊರಮೈಯಲ್ಲಿ ತಾಗುವ ಯಾವ ಅಂಚೂ ಚೂಪಾಗಿರಬಾರದು, ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದ ದುಂಡು ಇರಬೇಕು. ತಾಗುವುದು ಅಂದರೆ? 100 ಮಿಲಿಮೀಟರ್ ಅಗಲದ ಗುಂಡೊಂದನ್ನು ಮೈಮೇಲೆ ಉರುಳಿಸಿದರೆ ಅದು ಮುಟ್ಟುವ ಜಾಗವೆಲ್ಲ. ಹೆಚ್ಚುಕಡಿಮೆ ಸುಲಿದ ತೆಂಗಿನಕಾಯಿಯ ಗಾತ್ರ. ನಾವು ನಿಜಕ್ಕೂ ಅಂಗಡಿಯಿಂದ ತೆಂಗಿನಕಾಯಿ ತಂದೇ ಉರುಳಿಸಿ ನೋಡಿದ್ದೆವು! ದೀಪದ ಬ್ರಾಕೆಟ್, ಕನ್ನಡಿಯ ಕಡ್ಡಿ, ಮಡ್‌ಗಾರ್ಡ್ ಅಂಚು, ಸಸ್ಪೆನ್ಷನ್ನಿನ ನಟ್ಟು, ಕಾಯಿ ಮುಟ್ಟಿದಲ್ಲೆಲ್ಲ ಸೀಮೆಸುಣ್ಣದ ಗುರುತು. ಆಮೇಲೆ ಅಂಚುಗಳಿಗೆ ರಬ್ಬರ್ ಪಟ್ಟಿ, ನಟ್ಟುಗಳಿಗೆ ಪ್ಲಾಸ್ಟಿಕ್ ಟೋಪಿ. ಸೆವೆನ್ ಮಾದರಿಯ ಕಾರಿನಲ್ಲಿ ಚಕ್ರ, ಸಸ್ಪೆನ್ಷನ್ ಎಲ್ಲ ಬಯಲಲ್ಲೇ ಇರುವುದರಿಂದ ಈ ಕೆಲಸಕ್ಕೆ ಒಂದು ವಾರಾಂತ್ಯ ಪೂರ್ತಿ ಬೇಕು.

ಇಷ್ಟು ಮಾಡಿಯೂ ನಾವು ಒಂದು ಕಡೆ ತಪ್ಪಿದೆವು. ಡ್ಯಾಶ್‌ಬೋರ್ಡ್ ಕೆಳಗೆ, ಪಕ್ಕದ ಸೀಟಿನವರ ಮೊಣಕಾಲಿನ ಎದುರಿಗೆ, ಒಂದು ಬ್ರಾಕೆಟ್‌ನ ಮೂಲೆ. ಪರೀಕ್ಷಕರು ಬೆರಳಿಟ್ಟು ತೋರಿಸಿದರು. ಒಳಗೆ ಕೂತು ಕೆಳಗಿನಿಂದ ನೋಡಬೇಕು ಅಂತ ನಮಗೆ ಹೊಳೆದೇ ಇರಲಿಲ್ಲ.

ಕೈ ಬಿಟ್ಟರೆ ಸ್ಟೇರಿಂಗ್ ತಿರುಗಬೇಕು

ನಿಧಾನವಾಗಿ ಸುತ್ತು ಹೊಡೆಯುವಾಗ ಸ್ಟೇರಿಂಗ್ ಬಿಟ್ಟರೆ ಅದು ತಾನಾಗಿ ನೇರದ ಕಡೆಗೆ ವಾಪಸ್ ಬರುವ ಹಾಗಿರಬೇಕು. ಕಾರ್ಖಾನೆಯ ಕಾರಿನಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಹಗುರ ಕಿಟ್ ಕಾರಿನಲ್ಲಿ ಮಾತ್ರ ಸ್ಟೇರಿಂಗ್ ತಿರುಗಿಸಿದಲ್ಲೇ ನಿಂತುಬಿಡುತ್ತದೆ. ಡೋನರ್ ಕಾರಿನ ಭಾರಕ್ಕೆ ಅಂತ ಮಾಡಿದ ಭಾಗಗಳು ಅದಕ್ಕಿಂತ ತುಂಬಾ ಕಡಿಮೆ ಭಾರದ ಕಾರಿಗೆ ಬಂದು ಕೂತಿರುತ್ತವೆ, ಅಲ್ವಾ? ಕ್ಯಾಸ್ಟರ್ ಕೋನ, ಅಂದರೆ ಮುಂದಿನ ಚಕ್ರ ಹೊರಳುವ ಅಚ್ಚು ಹಿಂದಕ್ಕೆ ವಾಲಿರುವ ಓರೆ, ಹೆಚ್ಚಿಸಿ, ಅಲೈನ್‌ಮೆಂಟ್ ಸ್ವಲ್ಪ ಬದಲಿಸಿ, ಟೈರಿನ ಗಾಳಿ ಹೊಂದಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಬರೆದಿಟ್ಟುಕೊಳ್ಳಿ. ನಾವು ಮೂರನ್ನೂ ಒಟ್ಟಿಗೆ ಬದಲಿಸಿ, ಯಾವುದರಿಂದ ಸರಿಹೋಯಿತು ಅಂತ ತಿಳಿಯದೆ ತಲೆ ಕೆಡಿಸಿಕೊಂಡೆವು.

ಶಬ್ದಕ್ಕೆ ಮಿತಿ 99 ಡೆಸಿಬಲ್. ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್ ದೂರದಲ್ಲಿ ಮೈಕ್ ಇಟ್ಟು, ಎಂಜಿನ್ ಅತಿ ಹೆಚ್ಚು ಶಕ್ತಿ ಕೊಡುವ ವೇಗದ ಮುಕ್ಕಾಲು ಭಾಗಕ್ಕೆ ಓಡಿಸಿ ಅಳೆಯುತ್ತಾರೆ. ಹೊಗೆಯ ನಿಯಮ ಎಂಜಿನ್ನಿನ ವಯಸ್ಸಿನ ಮೇಲೆ ನಿಲ್ಲುತ್ತದೆ. ಹಳೆಯದಾದಷ್ಟೂ ಸಡಿಲ, ಆದರೆ ವಯಸ್ಸಿಗೆ ಪುರಾವೆ ಬೇಕು. ಇಲ್ಲೂ ಅದೇ ಫೈಲ್ ಕೈ ಹಿಡಿಯುತ್ತದೆ.

ಪರೀಕ್ಷೆಯ ದಿನ

ಅರ್ಜಿ, ಶುಲ್ಕ, ದಾಖಲೆ ಕಳಿಸಿದ ಮೇಲೆ ದಿನ ಗೊತ್ತಾಗುತ್ತದೆ. ನಂಬರ್ ಇಲ್ಲದ ಕಾರನ್ನು ಮೊದಲೇ ಗೊತ್ತಾದ ಪರೀಕ್ಷೆಗೆ ಓಡಿಸಿಕೊಂಡು ಹೋಗಿ ಬರಲು ಕಾನೂನು ಬಿಡುತ್ತದೆ, ಆದರೆ ಚಾಸಿಸ್ ನಂಬರ್ ಮೇಲೆ ವಿಮೆ ಮಾಡಿಸಿರಬೇಕು. ನಾನಾಗಿದ್ದರೆ ಟ್ರೇಲರ್ ಬಾಡಿಗೆಗೆ ತರುತ್ತೇನೆ. ರಸ್ತೆ ಕಾಣದ ಕಾರು ದಾರಿಯಲ್ಲಿ ನಿಂತರೆ ಕಟ್ಟಿದ ಶುಲ್ಕವೂ ಹೋಗಬಹುದು. ಸ್ಪ್ಯಾನರ್ ಸೆಟ್, ರಬ್ಬರ್ ಪಟ್ಟಿ, ಪ್ಲಾಸ್ಟಿಕ್ ಟೋಪಿ, ಫ್ಯೂಸ್, ಟೇಪು ಜೊತೆಗಿರಲಿ. ಪರೀಕ್ಷಕರ ಜೊತೆ ವಾದ ಬೇಡ. ಫೇಲಾದರೆ ಏನೇನು ಸರಿಯಿಲ್ಲ ಅಂತ ಬರೆದು ಕೊಡುತ್ತಾರೆ, ಅಷ್ಟನ್ನು ಸರಿಮಾಡಿ ಮತ್ತೆ ಹೋಗುವುದು.

ಪಾಸಾದ ಮೇಲೆ ಅನುಮೋದನೆ ಪತ್ರ, ನೋಂದಣಿಯ ವಿ55/5 ಅರ್ಜಿ, ಕಾರಿನ ಭಾಗಗಳ ವಿವರ ತುಂಬುವ ವಿ627/1, ರಸೀದಿಗಳು, ವಿಮೆ, 55 ಪೌಂಡ್ ನೋಂದಣಿ ಶುಲ್ಕ ಮತ್ತು ರಸ್ತೆ ತೆರಿಗೆ ಎಲ್ಲ ಸ್ವಾನ್ಸಿಯಲ್ಲಿರುವ ವಾಹನ ನೋಂದಣಿ ಇಲಾಖೆ ಡಿವಿಎಲ್‌ಎಗೆ ಹೋಗಬೇಕು. ಕಳಿಸುವ ಮೊದಲು ಪ್ರತಿಯೊಂದಕ್ಕೂ ಜೆರಾಕ್ಸ್ ಇಟ್ಟುಕೊಳ್ಳಿ.

ಊರಲ್ಲೇ ಹೀಗೆ ಮಾಡಬಹುದಾ ಅಂತ ಹಾಸನದಿಂದ ಗೆಳೆಯರು ಕೇಳುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಭಾಗ ಸಿಕ್ಕರೂ ಬ್ರಿಟನ್ನಿನಷ್ಟು ಸಲೀಸಾದ ದಾರಿ ನಮ್ಮಲ್ಲಿಲ್ಲ. ಇಲ್ಲಿ ತಯಾರಕರು ಮೊದಲು ಮಾದರಿಗೇ ಒಪ್ಪಿಗೆ ಪಡೆಯಬೇಕು. ಇದ್ದ ವಾಹನವನ್ನು ಬದಲಿಸುವುದಕ್ಕೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ.

ನಂಬರ್ ಬಂದ ಮೇಲೆ ರಬ್ಬರ್ ಪಟ್ಟಿ, ಟೋಪಿಗಳನ್ನೆಲ್ಲ ಕಿತ್ತು ಹಾಕುವವರಿದ್ದಾರೆ, ಚೆಂದ ಕಾಣಲ್ಲ ಅಂತ. ದಯವಿಟ್ಟು ಕೀಳಬೇಡಿ. ಭಾವನ ಕಾರಿನಲ್ಲಿ ಅವು ಹಾಗೇ ಇವೆ. ಡ್ಯಾಶ್‌ಬೋರ್ಡ್ ಕೆಳಗಿನ ಆ ಮೂಲೆಯೂ ಈಗ ರಬ್ಬರ್ ಹೊದ್ದಿದೆ. ಭಾನುವಾರ ಕಾರು ಹೊರಟರೆ ಅದರ ಎದುರಿಗೆ ಬರುವುದು ಅಕ್ಕನ ಮಗಳ ಮೊಣಕಾಲು.