ಆಷಾಢದ ನಾಲ್ಕು ಶನಿವಾರ

ಮದುವೆಯ ವಿಡಿಯೊ ತೆಗೆಯುವುದು ನನ್ನ ಕಸುಬು. ಆಷಾಢ ಬಂತೆಂದರೆ ದಾವಣಗೆರೆಯ ಕಲ್ಯಾಣ ಮಂಟಪಗಳಿಗೆ ಬೀಗ ಬೀಳುತ್ತದೆ, ನಮ್ಮಂಥವರ ಕ್ಯಾಮೆರಾ ಚೀಲ ಸೇರುತ್ತದೆ. 2024ರ ಮೇ ತಿಂಗಳಲ್ಲಿ ಮೈಸೂರಿನ ಚಿದಾನಂದ ಎಸ್. ನಾಯಕ್ ಅವರ 16 ನಿಮಿಷದ ಕನ್ನಡ ಚಿತ್ರಕ್ಕೆ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆವು. ಅಜ್ಜಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದಾಗ ಊರಿಗೆ ಬೆಳಕೇ ಹರಿಯದೆ ಹೋಗುವ ಕಥೆ ಅದು. ನನ್ನ ಜೊತೆ ಲೈಟ್ ಹಿಡಿಯುವ ಹುಡುಗ ಕೇಳಿದ: "ಅಣ್ಣ, 16 ನಿಮಿಷದ ಸಿನಿಮಾವನ್ನು ಯಾವ ಟಾಕೀಸಿನಲ್ಲಿ ಹಾಕುತ್ತಾರೆ?" ಯಾವ ಟಾಕೀಸಿನಲ್ಲೂ ಹಾಕುವುದಿಲ್ಲ ಎಂದು ಹೇಳುವಾಗ ನನಗೇ ಸಂಕಟವಾಯಿತು.

ಇಂಥ ಚಿಕ್ಕ ಚಿತ್ರಗಳನ್ನು ಆಷಾಢದ ಶನಿವಾರಗಳಲ್ಲಿ ನಾವೇ ತೋರಿಸೋಣ ಎನ್ನಿಸಿತು. ನನ್ನ ಬಳಿ ಪ್ರೊಜೆಕ್ಟರ್ ಇತ್ತು. ಹತ್ತು ವರ್ಷದಿಂದ ಪರಿಚಯವಿರುವ ಮಂಟಪದ ಮಾಲೀಕರನ್ನು ಕೇಳಿದೆ. "ಊಟದ ಮನೆ ಖಾಲಿ ಬಿದ್ದಿದೆ, ತೆಗೆದುಕೊಳ್ಳಪ್ಪ. ಕರೆಂಟಿನ ದುಡ್ಡು ಕೊಟ್ಟರೆ ಸಾಕು" ಎಂದರು. ಟಿಕೆಟ್ ಇಲ್ಲ, ಬ್ಯಾನರ್ ಇಲ್ಲ, ಕರೆದವರಿಗೆ ಮಾತ್ರ. ಊರಿಗೆಲ್ಲ ತೋರಿಸುವುದಾದರೆ ಹಕ್ಕುದಾರರ ಒಪ್ಪಿಗೆ, ಸೆನ್ಸಾರ್ ಪ್ರಮಾಣಪತ್ರ ಎಲ್ಲವೂ ಬೇಕಾಗುತ್ತದೆ. ಅದು ನನ್ನ ಕೈಗೆ ಮೀರಿದ ಕೆಲಸವಾಗಿತ್ತು.

ಮೊದಲ ಶನಿವಾರ ಪೂರ್ತಿ ಸೋತೆ. ಹೆಸರಾದ ಚಿತ್ರಗಳನ್ನೆಲ್ಲ ಒಟ್ಟು ಹಾಕಿದರೆ ಒಳ್ಳೆಯ ಸಂಜೆಯಾಗುತ್ತದೆ ಎಂದು ನಂಬಿದ್ದೆ. ಎರಡು ಗಂಟೆಯಲ್ಲಿ ಐದು ಚಿತ್ರ. ಮೊದಲಿಗೇ ಫ್ರಾನ್ಸಿನ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ 'ಲಾ ಜೆತೆ' ಇಟ್ಟೆ. 28 ನಿಮಿಷದ ಆ ಚಿತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ನಿಶ್ಚಲ ಫೋಟೊಗಳಿಂದಲೇ ಆಗಿದೆ. ಮೂರು ನಿಮಿಷವಾಗಿರಬೇಕು, ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದು ನನ್ನ ಕಿವಿಯಲ್ಲಿ ಹೇಳಿದರು: "ನಿನ್ನ ಲ್ಯಾಪ್‌ಟಾಪ್ ನಿಂತುಹೋಗಿದೆ ನೋಡು." ಬಂದಿದ್ದ ನಲವತ್ತು ಜನರಲ್ಲಿ ಕೊನೆಗೆ ಉಳಿದವರು ಒಂಬತ್ತು. ಅವರಲ್ಲಿ ನಾಲ್ವರು ನನ್ನ ಮನೆಯವರು.

ಎದ್ದುಹೋದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಮ್ಮ ಹಿರಿಯರಿಗೆ ಸಾಕ್ಷ್ಯಚಿತ್ರ ಎಂದರೆ ನೆನಪಿರುವುದು ಟಾಕೀಸಿನಲ್ಲಿ ದೊಡ್ಡ ಸಿನಿಮಾಕ್ಕೆ ಮುಂಚೆ ಬರುತ್ತಿದ್ದ ಫಿಲ್ಮ್ಸ್ ಡಿವಿಜನ್ ಚಿತ್ರ. 1948ರಲ್ಲಿ ಸರ್ಕಾರ ಶುರು ಮಾಡಿದ ಆ ಸಂಸ್ಥೆ ಅಣೆಕಟ್ಟು, ಲಸಿಕೆ, ಪ್ರವಾಹ, ಪ್ರಧಾನಿಯ ಪ್ರವಾಸ ಎಲ್ಲವನ್ನೂ ಭಾಷೆಭಾಷೆಗೆ ಡಬ್ ಮಾಡಿ ದೇಶದ ಮೂಲೆಮೂಲೆಗೆ ಕಳಿಸುತ್ತಿತ್ತು. ಅದರಲ್ಲಿ ಕೆಲಸ ಮಾಡಿದವರಲ್ಲಿ ಅಪ್ಪಟ ಕಲಾವಿದರಿದ್ದರು. ಆದರೆ ಅದು ಬರುತ್ತಿದ್ದುದು ಜನ ಜಾಗ ಹುಡುಕುವ, ಸೋಡಾ ಕೊಳ್ಳುವ ಹೊತ್ತಿನಲ್ಲಿ. ಚಿಕ್ಕ ಚಿತ್ರ ಬಂದಾಗ ಎದ್ದು ಓಡಾಡಬಹುದು ಎಂಬುದನ್ನು ಟಾಕೀಸುಗಳೇ ಜನರಿಗೆ ಕಲಿಸಿದ್ದವು.

ಎರಡನೆಯ ವಾರಕ್ಕೆ ಮೊದಲು ಹಾಲ್‌ನ ಶಬ್ದ ಸರಿಮಾಡಿಕೊಂಡೆ. ಊಟದ ಮನೆಯ ಗೋಡೆಗೂ ನೆಲಕ್ಕೂ ನುಣುಪು ಕಲ್ಲು. ಒಂದು ಚಪ್ಪಾಳೆ ತಟ್ಟಿದರೆ ನಾಲ್ಕು ಕೇಳಿಸುತ್ತಿತ್ತು. ಮಂಟಪದ ಉಗ್ರಾಣದಲ್ಲಿದ್ದ ಜಮಖಾನೆಗಳನ್ನು ಹಿಂದಿನ ಗೋಡೆಗೂ ಎರಡು ಪಕ್ಕಕ್ಕೂ ತೂಗುಹಾಕಿದೆವು, ನೆಲಕ್ಕೂ ಹಾಸಿದೆವು. ಪ್ರತಿಧ್ವನಿ ಅರ್ಧಕ್ಕರ್ಧ ಇಳಿಯಿತು. ಶಾಮಿಯಾನದವರಿಂದ ತಂದ ಸ್ಪೀಕರುಗಳು ಮೆರವಣಿಗೆಗೆ ಸರಿ, ಮಾತಿಗೆ ಸಲ್ಲವು. ಬೇಸ್, ಅಂದರೆ ಗುಡುಗುವ ತಗ್ಗುದನಿಯನ್ನು ಪೂರ್ತಿ ಇಳಿಸಿ, ಎರಡನ್ನೂ ಪರದೆಯ ಅಕ್ಕಪಕ್ಕ, ಕೂತವರ ಕಿವಿಯ ಎತ್ತರಕ್ಕೆ ಇಟ್ಟೆ. ಜನ ಮಂಕು ಚಿತ್ರವನ್ನು ಸಹಿಸುತ್ತಾರೆ, ಮಾತು ತಿಳಿಯದಿದ್ದರೆ ಎದ್ದುಹೋಗುತ್ತಾರೆ. ಮದುವೆ ವಿಡಿಯೊದಲ್ಲೂ ಇದೇ ನಿಜ, ಆದರೂ ನಮ್ಮ ಕಸುಬಿನವರು ಮೈಕಿಗೆ ದುಡ್ಡು ಹಾಕುವುದಿಲ್ಲ.

ಇನ್ನೊಂದು ಬದಲಾವಣೆ ಅದಕ್ಕಿಂತ ದೊಡ್ಡದು. ಚಿತ್ರ ಆರಿಸುವುದಕ್ಕೆ ಮುಂಚೆ ನೋಡುವವರನ್ನು ಆರಿಸಿದೆ. ನಮ್ಮ ಊರಿನ ಮಂಡಕ್ಕಿ ಭಟ್ಟಿಗಳ ವಿಷಯ ಎಲ್ಲರಿಗೂ ಗೊತ್ತು. ಕಾದ ಮರಳಿನಲ್ಲಿ ಅಕ್ಕಿ ಅರಳುವ ಆ ಕ್ಷಣವನ್ನು ಕಣ್ಣಿನಿಂದಲ್ಲ, ಕೈಯಿಂದ ಮತ್ತು ಸದ್ದಿನಿಂದ ಹಿಡಿಯುವ ಜನ ಅಲ್ಲಿದ್ದಾರೆ. ಪರಿಚಯದ ಎರಡು ಭಟ್ಟಿಯ ಕುಟುಂಬಗಳನ್ನು ಕರೆದೆ. ಅವರಿಗೆಂದು ಹಾಲೆಂಡಿನ ಬರ್ಟ್ ಹಾನ್‌ಸ್ಟ್ರಾ 1958ರಲ್ಲಿ ಮಾಡಿದ 'ಗ್ಲಾಸ್' ಇಟ್ಟೆ. ಸುಮಾರು ಹತ್ತು ನಿಮಿಷ, ಮಾತೇ ಇಲ್ಲ. ಲೀರ್ಡಾಮ್ ಊರಿನ ಕಾರ್ಖಾನೆಯಲ್ಲಿ ಕುಲುಮೆಯಿಂದ ಕರಗಿದ ಗಾಜನ್ನು ಕೊಳವೆಯ ತುದಿಗೆ ತೆಗೆದುಕೊಂಡು, ಗಲ್ಲ ಉಬ್ಬಿಸಿ ಊದುತ್ತ, ತಿರುಗಿಸುತ್ತ ಪಾತ್ರೆ ಮಾಡುವವರ ಚಿತ್ರ. ಹಿನ್ನೆಲೆಗೆ ಜಾಝ್. ಆಮೇಲೆ ಅದೇ ಕೆಲಸವನ್ನು ಯಂತ್ರ ಮಾಡುವುದನ್ನು ತೋರಿಸುತ್ತಾನೆ. ಸಾಲಾಗಿ ಬರುವ ಬಾಟಲಿಗಳಲ್ಲಿ ಒಂದರ ಕುತ್ತಿಗೆ ಮುರಿದಿರುತ್ತದೆ. ಯಂತ್ರದ ಇಕ್ಕಳಕ್ಕೆ ಅದು ತಿಳಿಯುವುದಿಲ್ಲ. ಹಿಂದಿನಿಂದ ಬಂದ ಬಾಟಲಿಗಳು ಒಂದರ ಮೇಲೊಂದು ಬಿದ್ದು ಒಡೆಯುತ್ತ ಹೋಗುತ್ತವೆ.

ಮುಂದಿನ ಸಾಲಿನಲ್ಲಿದ್ದ ಭಟ್ಟಿಯ ಯಜಮಾನರು ಕೂತಲ್ಲಿಂದಲೇ "ಅಲ್ಲೊಬ್ಬ ಆಳು ನಿಂತಿರಬೇಕಿತ್ತು" ಎಂದು ಗದರಿದರು. ಅವರ ಮಾತು ಮುಗಿಯುವುದಕ್ಕೂ ಪರದೆಯ ಮೇಲೆ ಮನುಷ್ಯನ ಕೈ ಬಂದು ಮುರಿದ ಬಾಟಲಿಯನ್ನು ಎತ್ತುವುದಕ್ಕೂ ಸರಿಹೋಯಿತು. ಹಾಲಿನಲ್ಲಿ ಎಲ್ಲರೂ ಅವರ ಕಡೆ ತಿರುಗಿ ನಕ್ಕರು. ಆ ಚಿತ್ರಕ್ಕೆ ಆಸ್ಕರ್ ಬಂದಿದೆ ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಇನ್ನೊಮ್ಮೆ ಹಾಕು" ಎಂದರು. ಹಾಕಿದೆ. ಎರಡನೆಯ ಸಲ ಅವರ ಮನೆಯ ಹೆಣ್ಣುಮಗಳೊಬ್ಬರು, ಊದುವವರು ಒಬ್ಬರ ಮುಖ ಒಬ್ಬರು ನೋಡುವುದೇ ಇಲ್ಲ, ಆದರೂ ಡಿಕ್ಕಿ ಹೊಡೆಯುವುದಿಲ್ಲ, ನಮ್ಮಲ್ಲೂ ಹಾಗೆಯೇ ಎಂದು ತೋರಿಸಿಕೊಟ್ಟರು. ನಾನು ಆ ಚಿತ್ರವನ್ನು ಇಪ್ಪತ್ತು ಸಲ ನೋಡಿದ್ದೆ, ಇದನ್ನು ಗಮನಿಸಿರಲಿಲ್ಲ.

ಅದೇ ಸಂಜೆ ಮಕ್ಕಳಿಗೆ ಸತ್ಯಜಿತ್ ರಾಯ್ ಅವರ 1964ರ 'ಟೂ' ಹಾಕಿದೆ. ಅದರಲ್ಲೂ ಮಾತಿಲ್ಲ. ದೊಡ್ಡ ಮನೆಯ ಹುಡುಗ ತನ್ನ ಆಟಿಕೆಗಳನ್ನು, ಕಿಟಕಿಯಾಚೆಯ ಬಡ ಹುಡುಗ ತನ್ನ ಕೊಳಲನ್ನು, ಗಾಳಿಪಟವನ್ನು ತೋರಿಸಿ ಪೈಪೋಟಿಗೆ ಬೀಳುತ್ತಾರೆ. ಏರ್‌ಗನ್ನಿನಿಂದ ಗಾಳಿಪಟ ಹರಿದಾಗ ಮಕ್ಕಳು ಕೂಗಿದ ಕೂಗು ರಸ್ತೆಗೆ ಕೇಳಿಸಿರಬೇಕು. ಆ ದಿನ ಎರಡೇ ಚಿತ್ರ, ಮಿಕ್ಕ ಹೊತ್ತೆಲ್ಲ ಮಾತು. ಯಾರೂ ಎದ್ದುಹೋಗಲಿಲ್ಲ.

ಮಾತಿರುವ ಚಿತ್ರಗಳಿಗೆ ಅಡಿಬರಹ, ಅಂದರೆ ಕನ್ನಡ ಸಬ್‌ಟೈಟಲ್, ಬೇಕಲ್ಲ. ಇಲ್ಲಿ ನಾನು ಕಳೆದ ರಾತ್ರಿಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಇದನ್ನು ಮಾಡಲು ಹೊರಡುವವರಿಗೆ ಉಪಯೋಗವಾಗಬಹುದು. ಮೊದಲು ಹಳೆಯ ಅಭ್ಯಾಸದಂತೆ ನುಡಿ ಎಂಬ ಹಳೆಯ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದೆ. ಪರದೆಯ ಮೇಲೆ ಬಂದದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಈಗ ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಅಕ್ಷರಕ್ಕೆ ಬದಲಾಯಿಸಿ, ಕಡತವನ್ನು ಅದಕ್ಕೆ ಹೊಂದುವ ಯುಟಿಎಫ್-8 ಬಗೆಯಲ್ಲಿ ಉಳಿಸಿದ ಮೇಲೆ ಕನ್ನಡವೇನೋ ಬಂತು. ಆದರೆ ಪರೀಕ್ಷೆಗೆಂದು ಮನೆಯ ಟಿವಿಗೆ ಪೆನ್‌ಡ್ರೈವ್ ಹಾಕಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಪಕ್ಕಕ್ಕೆ ಹೋಗಿ ಕೂತಿದ್ದವು. ಕೊನೆಗೆ ಅಡಿಬರಹವನ್ನು ಬೇರೆ ಕಡತವಾಗಿ ಇಡುವುದನ್ನೇ ಬಿಟ್ಟು, ಮದುವೆ ವಿಡಿಯೊದಲ್ಲಿ ವಧೂವರರ ಹೆಸರು ಕೂರಿಸುವ ಹಾಗೆ ಎಡಿಟಿಂಗಿನಲ್ಲಿಯೇ ಚಿತ್ರದ ಮೇಲೆ ಅಚ್ಚೊತ್ತಿದೆ. ಎಲ್ಲಿ ಹಾಕಿದರೂ ಅಕ್ಷರ ಕೆಡಲಿಲ್ಲ.

ಅದಾದ ಮೇಲೆ ಭಾಷೆಯ ಕೆಲಸ. ಹೇಳಿದ್ದನ್ನೆಲ್ಲ ಬರೆದರೆ ನಮ್ಮ ಅಮ್ಮನಿಗೆ ಓದಿ ಮುಗಿಸಲು ಆಗುತ್ತಿರಲಿಲ್ಲ. ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿದೆ. ಅವಳು ಎಲ್ಲಿ ತಡವರಿಸಿದಳೋ ಅಲ್ಲಿ ಕತ್ತರಿ. ಎರಡೇ ಸಾಲು, ಒಂದೊಂದು ಕನಿಷ್ಠ ಮೂರು ಸೆಕೆಂಡು ನಿಲ್ಲಬೇಕು, ಒಂದು ಸಾಲಿನಲ್ಲಿ ನಾಲ್ಕೈದು ಪದಕ್ಕಿಂತ ಹೆಚ್ಚಿರಬಾರದು. ಅಮ್ಮನ ಲೆಕ್ಕದಲ್ಲಿ ನನ್ನ ಮೊದಲ ಕರಡು ಅರ್ಧಕ್ಕೆ ಇಳಿಯಿತು, ಅರ್ಥ ಎಲ್ಲಿಯೂ ಕೆಡಲಿಲ್ಲ.

ಮೂರನೆಯ ಶನಿವಾರ ಅಡಿಬರಹವೂ ಬೇಡವಾಯಿತು. ನಮ್ಮ ಬೀದಿಯಲ್ಲಿ ಆರ್‌ಎಂಎಸ್‌ನಲ್ಲಿ, ಅಂದರೆ ರೈಲ್ವೆ ಅಂಚೆಯಲ್ಲಿ, ಸಾರ್ಟರ್ ಆಗಿದ್ದು ನಿವೃತ್ತರಾದ ಹಿರಿಯರಿದ್ದಾರೆ. ರಾತ್ರಿಯಿಡೀ ಓಡುವ ರೈಲಿನಲ್ಲಿ ನಿಂತು ಕಾಗದ ವಿಂಗಡಿಸಿದವರು. ಅವರಿಗಾಗಿ 1936ರ ಬ್ರಿಟನ್ನಿನ 'ನೈಟ್ ಮೇಲ್' ಇಟ್ಟೆ. ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ಅಂಚೆ ಹೊತ್ತೊಯ್ಯುವ ರೈಲಿನ ಚಿತ್ರ. ಅಲ್ಲಿನ ಅಂಚೆ ಇಲಾಖೆಯದೇ ಚಿತ್ರ ಘಟಕ ತಯಾರಿಸಿದ್ದು. ಕೊನೆಯಲ್ಲಿ ಗಾಲಿಗಳ ಲಯಕ್ಕೆ ಡಬ್ಲ್ಯೂ.ಎಚ್. ಆಡೆನ್ ಬರೆದ ಪದ್ಯ, ಬೆಂಜಮಿನ್ ಬ್ರಿಟನ್ ಸಂಗೀತ.

ಐದು ನಿಮಿಷ ನೋಡಿದವರೇ ಹಿರಿಯರು ಎದ್ದು ಪರದೆಯ ಪಕ್ಕಕ್ಕೆ ಬಂದು ನಿಂತರು. ನಾನು ಇಂಗ್ಲಿಷ್ ಧ್ವನಿಯನ್ನು ತಗ್ಗಿಸಿದೆ. ಗೂಡುಗಳಿಗೆ ಕಾಗದ ಎಸೆಯುವ ಕೈಯನ್ನು, ನಿಲ್ಲದೆ ಓಡುವ ರೈಲು ದಾರಿಬದಿಯ ಬಲೆಗೆ ಅಂಚೆಚೀಲ ಬಿಟ್ಟುಹೋಗುವ ಬಗೆಯನ್ನು ಅವರು ಬಿಡಿಸಿ ಹೇಳತೊಡಗಿದರು. ಮೂಕಿ ಚಿತ್ರಗಳ ಕಾಲದಲ್ಲಿ ಜಪಾನಿನಲ್ಲಿ ಬೆನ್ಶಿ ಎಂಬ ಕಲಾವಿದರು ಹೀಗೆ ಪರದೆಯ ಪಕ್ಕ ನಿಂತು ಕಥೆ ಹೇಳುತ್ತಿದ್ದರು, ಅವರನ್ನು ಕೇಳಲೆಂದೇ ಜನ ಬರುತ್ತಿದ್ದರು ಎಂದು ಓದಿದ್ದೆ. ಆ ಸಂಜೆ ನನ್ನ ಕಣ್ಣೆದುರೇ ಅದನ್ನು ಕಂಡೆ.

ನಡುವೆ ಅವರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು. ಬೋಗಿಯೊಳಗಿನ ದೃಶ್ಯವನ್ನು ದಿಟ್ಟಿಸಿ ನೋಡಿ, "ಇವರು ಓಡುವ ರೈಲಿನಲ್ಲಿಲ್ಲ" ಎಂದರು. "ನಿಜವಾದ ರೈಲಿನಲ್ಲಿ ಮೈ ಹೀಗೆ ತೂಗುವುದಿಲ್ಲ. ಮೊಣಕಾಲು ತಾನಾಗಿ ಮಡಚುತ್ತದೆ, ಸೊಂಟದ ಮೇಲೆ ಅಲುಗುವುದಿಲ್ಲ. ಇವರು ಬೇಕೆಂದು ಅಲುಗುತ್ತಿದ್ದಾರೆ." ನನಗೆ ಮೈ ಜುಮ್ಮೆಂದಿತು. ಅಂಚೆ ವಿಂಗಡಿಸುವ ಆ ದೃಶ್ಯಗಳನ್ನು ಸ್ಟುಡಿಯೊದಲ್ಲಿ ಕಟ್ಟಿದ ಬೋಗಿಯಲ್ಲಿ ತೆಗೆದರು, ನಿಜವಾದ ಅಂಚೆ ನೌಕರರಿಗೇ ಮೈ ತೂಗಲು ಹೇಳಿದ್ದರು ಎಂಬುದು ಸಾಕ್ಷ್ಯಚಿತ್ರದ ಚರಿತ್ರೆ ಓದಿದವರಿಗೆ ಗೊತ್ತಿರುವ ಸಂಗತಿ. ಅವರು ಯಾವ ಪುಸ್ತಕವನ್ನೂ ಓದದೆ ಮೊಣಕಾಲಿನ ನೆನಪಿನಿಂದ ಹೇಳಿದ್ದರು. ಸಾಕ್ಷ್ಯಚಿತ್ರದಲ್ಲಿ ಎಷ್ಟು ಸಾಕ್ಷ್ಯ, ಎಷ್ಟು ಚಿತ್ರ ಎಂಬ ಚರ್ಚೆ ಅಲ್ಲಿಂದ ಹತ್ತಿಕೊಂಡು ರಾತ್ರಿ ಹತ್ತರವರೆಗೆ ನಡೆಯಿತು. ಆಡುವಾಗ ಮೋಸವಿಲ್ಲದಿದ್ದರೆ ಕಟ್ಟಿದ ಬೋಗಿಯೂ ನಿಜವೇ ಎಂದು ಒಂದು ಗುಂಪು, ಹೇಳದೆ ಮಾಡಿದ್ದು ತಪ್ಪು ಎಂದು ಇನ್ನೊಂದು. ನಾನು ಎರಡನೆಯ ಗುಂಪಿನವನು.

ನಾಲ್ಕನೆಯ ಶನಿವಾರ ಸಂಗೀತ ಕಛೇರಿಯ ಚಿತ್ರ. ಕರೆದದ್ದು ನಮ್ಮ ಬೀದಿಯ ಭಜನಾ ಮಂಡಳಿಯನ್ನು. ಏಕತಾರಿ, ದಮ್ಮಡಿ, ಹಾರ್ಮೋನಿಯಂ, ತಬಲಾ ಹಿಡಿದು ತತ್ವಪದ ಹಾಡುವವರು. 1967ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಸಂಗೀತೋತ್ಸವವನ್ನು ಡಿ.ಎ. ಪೆನ್ನೆಬೇಕರ್ ಚಿತ್ರಿಸಿದ 'ಮಾಂಟೆರಿ ಪಾಪ್'ನ ಕೊನೆಯ ಭಾಗವನ್ನು ಮಾತ್ರ ತೋರಿಸಿದೆ. ಸುಮಾರು ಹದಿನೆಂಟು ನಿಮಿಷ ರವಿಶಂಕರ್ ಸಿತಾರ್, ಅಲ್ಲಾ ರಖಾ ತಬಲಾ. ಮೊದಲ ಕೆಲವು ನಿಮಿಷ ಪೆನ್ನೆಬೇಕರ್ ವಾದಕರನ್ನು ತೋರಿಸುವುದೇ ಇಲ್ಲ. ಸಿತಾರ್ ಕೇಳುತ್ತಿರುತ್ತದೆ, ಕಾಣುವುದು ಕೇಳುವ ಜನ: ಮಲಗಿದವರು, ಹೂ ಮುಡಿದವರು, ಅಲೆದಾಡುವವರು. ನಮ್ಮ ತಬಲಾ ಅಜ್ಜ ಚಡಪಡಿಸಿದರು. "ಮುಖಗಳು ಸಾಕು, ಕೈ ತೋರಿಸಲು ಹೇಳು ಅವನಿಗೆ" ಎಂದು ನನ್ನನ್ನು ತಿವಿದರು. ಕೈ ಬಂದಾಗ ಅಜ್ಜನ ಬೆರಳುಗಳು ತೊಡೆಯ ಮೇಲೆ ಓಡತೊಡಗಿದವು. ಕೊನೆಗೆ ಅಲ್ಲಿನ ಸಾವಿರಾರು ಜನ ಎದ್ದುನಿಂತು ಚಪ್ಪಾಳೆ ತಟ್ಟುವಾಗ ಇಲ್ಲಿ ಊಟದ ಮನೆಯಲ್ಲೂ ಜನ ಎದ್ದುನಿಂತಿದ್ದರು.

ಆಮೇಲೆ ನಾನು 1971ರ ಆಗಸ್ಟ್ 1ರಂದು ಬಾಂಗ್ಲಾದೇಶದ ನಿರಾಶ್ರಿತರ ನೆರವಿಗಾಗಿ ನಡೆದ ಕಛೇರಿಯ ಪ್ರಸಂಗ ಹೇಳಿದೆ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ವಾದ್ಯಗಳ ಶ್ರುತಿ ಸೇರಿಸಿ ನಿಲ್ಲಿಸಿದೊಡನೆ ಜನ ಅದನ್ನೇ ಸಂಗೀತವೆಂದು ತಿಳಿದು ಕರತಾಡನ ಮಾಡಿದರು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸೀತು ಎಂದು ರವಿಶಂಕರ್ ಮೆಲ್ಲಗೆ ಹೇಳಿದರು. ಅಜ್ಜ ಇದನ್ನು ಕೇಳಿ, ತಪ್ಪೇನು, ಶ್ರುತಿ ಕೂಡಿದ ಗಳಿಗೆಗೆ ಚಪ್ಪಾಳೆ ತಟ್ಟಬೇಕಾದ್ದೇ ಎಂದರು.

ಮಂಡಳಿಯವರು ಅಂದೇ ಹಾಡಲು ಕೂತರು. ಎರಡು ಕ್ಯಾಮೆರಾ, ಬೇರೆಯದೇ ಒಂದು ಧ್ವನಿಮುದ್ರಕ ಇಟ್ಟು ಒಂದೂವರೆ ಗಂಟೆ ಚಿತ್ರಿಸಿದೆ. ಪೆನ್ನೆಬೇಕರ್ ನೋಡಿ ಕಲಿತದ್ದರಿಂದ ಒಂದು ಕ್ಯಾಮೆರಾವನ್ನು ಕೇಳುವವರ ಕಡೆಗೇ ತಿರುಗಿಸಿದ್ದೆ. ಆದರೆ ಬೇರೆಬೇರೆಯಾಗಿ ಹಿಡಿದ ಚಿತ್ರವನ್ನೂ ಧ್ವನಿಯನ್ನೂ ಆಮೇಲೆ ಹೊಂದಿಸಲು ಗುರುತಾಗಲೆಂದು ಶುರುವಿನಲ್ಲಿ ಕ್ಯಾಮೆರಾಗಳ ಮುಂದೆ ಒಂದು ಚಪ್ಪಾಳೆ ತಟ್ಟುವುದನ್ನು ಮರೆತೆ. 1972ರಲ್ಲಿ ಲಾಸ್ ಏಂಜಲೀಸಿನ ಚರ್ಚಿನಲ್ಲಿ ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ ಎರಡು ರಾತ್ರಿ ಹಾಡಿದ್ದನ್ನು ನಿರ್ದೇಶಕ ಸಿಡ್ನಿ ಪೊಲಾಕ್ ಚಿತ್ರಿಸಿದಾಗ ಹೀಗೆಯೇ ಕ್ಲ್ಯಾಪ್ ಹಲಗೆ ಬಳಸದೆ ಚಿತ್ರಕ್ಕೂ ಧ್ವನಿಗೂ ತಾಳೆಯಾಗದೆ, ಆ ಚಿತ್ರ ಜನರ ಮುಂದೆ ಬಂದದ್ದು 2018ರಲ್ಲಿ. ನನಗೆ ಎರಡು ರಾತ್ರಿ ಸಾಕಾಯಿತು: ತಬಲಾದ ಎಡಗೈ ಪೆಟ್ಟನ್ನು ಹಿಡಿದು ಹಾಡು ಹಾಡಿಗೂ ಸರಿಹೊಂದಿಸಿದೆ. ಈಗ ಮದುವೆಯಲ್ಲೂ ಕ್ಯಾಮೆರಾ ಶುರುವಾದೊಡನೆ ಚಪ್ಪಾಳೆ ತಟ್ಟುತ್ತೇನೆ, ಪುರೋಹಿತರು ತಿರುಗಿ ನೋಡುತ್ತಾರೆ.

ಹಾಡು ಮುಗಿದು ಮಂಡಕ್ಕಿ, ಮಿರ್ಚಿ ಹಂಚುವಾಗ ಮೊದಲ ವಾರ ನನ್ನ ಕಿವಿಯಲ್ಲಿ ಲ್ಯಾಪ್‌ಟಾಪ್ ನಿಂತಿದೆ ಎಂದಿದ್ದವರು ಬಂದು, "ಆ ನಿಂತುಹೋದ ಸಿನಿಮಾ ಇದ್ದರೆ ಹಾಕು, ನೋಡೋಣ" ಎಂದರು. ಅಷ್ಟರಲ್ಲಿ ಅದಕ್ಕೂ ಅಮ್ಮನ ಲೆಕ್ಕದ ಅಡಿಬರಹ ಮಾಡಿಟ್ಟಿದ್ದೆ. ಈ ಸಲ ಒಂದೇ ಮಾತು ಹೇಳಿದೆ: "ಇದು ಮದುವೆಯ ಆಲ್ಬಂ ಇದ್ದ ಹಾಗೆ. ಯುದ್ಧದಲ್ಲಿ ಎಲ್ಲ ಕಳೆದುಕೊಂಡವನೊಬ್ಬ ತನ್ನ ಆಲ್ಬಮ್ಮಿನ ಹಾಳೆ ತಿರುಗಿಸುತ್ತಿದ್ದಾನೆ ಅಂದುಕೊಳ್ಳಿ." ಮೂವತ್ತಕ್ಕೂ ಹೆಚ್ಚು ಜನ ಸದ್ದಿಲ್ಲದೆ ಕೂತರು. ಆ ಚಿತ್ರದಲ್ಲಿ ಒಂದೇ ಒಂದು ಕಡೆ ಫೋಟೊ ಚಲಿಸುತ್ತದೆ: ಮಲಗಿದ ಹೆಂಗಸು ಬೆಳಗಿನಲ್ಲಿ ಕಣ್ಣು ತೆರೆಯುತ್ತಾಳೆ. ಅದನ್ನು ನಾನು ಮೊದಲೇ ಹೇಳಿರಲಿಲ್ಲ.

"ಕಣ್ಣು ಬಿಟ್ಟಳು!" ಎಂದು ಕತ್ತಲಲ್ಲಿ ಯಾರೋ ಅಂದರು. ಭಟ್ಟಿಯ ಮನೆಯ ಹೆಣ್ಣುಮಗಳ ದನಿಯಿರಬೇಕು.