"ಎಂತ ನೋಡದು ಮಾರಾಯಾ ಅದ್ರಲ್ಲಿ?"

ತೀರ್ಥಹಳ್ಳಿಯಲ್ಲಿ ಅಡಿಕೆ ಬೆಳೆಗಾರರ ಮುಂದೆ ಧಾರಣೆ ವರದಿ ಮಂಡಿಸುತ್ತಿದ್ದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ನಾಲ್ಕು ದರ್ಜೆಗೂ ಒಂದೇ ಗ್ರಾಫು, ನಾಲ್ಕು ಬಣ್ಣದ ಗೆರೆ. "ಇಲ್ಲಿ ನೀವು ನೋಡಬಹುದು" ಅನ್ನುತ್ತಾ ಹೋದೆ. ಹಿಂದಿನ ಸಾಲಿನ ಹಿರಿಯರೊಬ್ಬರು ಕವಳ ತುಂಬಿದ ಬಾಯಲ್ಲೇ ಮೇಲಿನ ಪ್ರಶ್ನೆ ಎಸೆದರು. ಉತ್ತರ ನನ್ನ ಹತ್ತಿರವೂ ಇರಲಿಲ್ಲ.

ಮುಂದಿನ ಸಭೆಗೆ ಮೊದಲು ಬದಲಿಸಿದ್ದು ಶೀರ್ಷಿಕೆ. "ಅಡಿಕೆ ಧಾರಣೆ" ಎಂಬುದರ ಬದಲು "ಮಳೆಗಾಲದಲ್ಲಿ ರಾಶಿ ಏರಿತು, ಬೆಟ್ಟೆ ನಿಂತಲ್ಲೇ ನಿಂತಿತು" ಎಂದು ಪೂರ್ತಿ ವಾಕ್ಯ ಬರೆದೆ. ರಾಶಿಯ ಗೆರೆಗೆ ಮಾತ್ರ ಬಣ್ಣ, ಉಳಿದವು ಬೂದು. ಯಾವ ಬಣ್ಣ ಯಾವುದಕ್ಕೆ ಎಂದು ಹೇಳುವ ಪಟ್ಟಿ ತೆಗೆದು ಹೆಸರನ್ನು ಗೆರೆಯ ತುದಿಗೇ ಅಂಟಿಸಿದೆ.

ಮಾತಿನ ಕ್ರಮವೂ ಬದಲಾಯಿತು. ಮೊದಲು ಅಕ್ಷ: "ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಕ್ವಿಂಟಲಿಗೆ ರೂಪಾಯಿ." ಆಮೇಲೆ ಒಟ್ಟು ಏರಿಳಿತ, ಕೊನೆಗೆ ಕಾರಣ. ಕಾರಣ ಖಚಿತವಿಲ್ಲದಿದ್ದರೆ ಬಾಯಿ ಮುಚ್ಚಿಕೊಳ್ಳುವುದು. (ಇದೇ ಕಷ್ಟ.)

ದೊಡ್ಡ ತಪ್ಪು ಬೇರೆಯೇ ಇತ್ತು. ಅದೇ ವರದಿಯಲ್ಲಿದ್ದ ಕಂಬದ ಚಾರ್ಟಿನ ಉದ್ದದ ಅಕ್ಷವನ್ನು ಎಕ್ಸೆಲ್ 45,000ದಿಂದ ಶುರು ಮಾಡಿತ್ತು, ನಾನು ಗಮನಿಸಿರಲಿಲ್ಲ. ಹಾಗಾದಾಗ 46,000ದ ಕಂಬದ ಪಕ್ಕ 48,000ದ್ದು ಮೂರು ಪಟ್ಟು ಎತ್ತರ ಕಾಣುತ್ತದೆ. ನಿಜವಾದ ಏರಿಕೆ ಶೇ. 4ರ ಆಸುಪಾಸು. ಕಂಬವನ್ನು ಕಣ್ಣು ಉದ್ದದಿಂದಲೇ ಅಳೆಯುವುದು, ಹಾಗಾಗಿ ಅದು ಸೊನ್ನೆಯಿಂದಲೇ ಏಳಬೇಕು. ಗೆರೆ ಗ್ರಾಫಿಗೆ ಅಷ್ಟು ಕಟ್ಟುನಿಟ್ಟಿಲ್ಲ, ಆದರೆ ಎಲ್ಲಿಂದ ಶುರು ಎಂದು ಬಾಯಿಬಿಟ್ಟು ಹೇಳಬೇಕು.

ಈ ಸಲ ಅದೇ ಹಿರಿಯರು ಕೇಳಿದ್ದು, "ಹಂಗಾರೆ ಬೆಟ್ಟೆ ಯಾಕೆ ಏರ್ಲಿಲ್ಲ?"